ಗೆಜೀನಾ ಕರೆದ ನೆರೆಯವನು

ಜರ್ಮನಿಯ ಗಡಿಗೆ ಹತ್ತಿದ ನಮ್ಮ ಕಡೆ ಮನೆಗೆ ಬರುವವರೆಲ್ಲ ಹಿಂಬಾಗಿಲಿಂದ ಬರುತ್ತಾರೆ. ಮುಂಬಾಗಿಲು ತೆರೆಯುವುದು ಮದುವೆಗೆ, ಇಲ್ಲವೇ ಸಾವಿಗೆ. ವೊಲ್ಟರಿಂಕ್ ಮನೆಯ ಗೆಜೀನತ್ತೆ ಐವತ್ತು ವರ್ಷ ನಮ್ಮ ಹಿಂಬಾಗಿಲಿಂದ ಬಂದುಹೋದಳು. ಚಿಲಕ ತೆಗೆಯುವ ಸದ್ದಿನಲ್ಲೇ ಅವಳೆಂದು ತಿಳಿಯುತ್ತಿತ್ತು. ಅವಳು ನಮ್ಮ ಮುಂಬಾಗಿಲು ತಟ್ಟಿದ್ದು ಒಂದೇ ಸಲ, ಸಾವಿರದ ಒಂಬೈನೂರ ನಲವತ್ತನಾಲ್ಕರ ಫೆಬ್ರವರಿಯಲ್ಲಿ. ನಾನಿನ್ನೂ ಹುಟ್ಟಿರಲಿಲ್ಲ. ಬಾಗಿಲು ತೆರೆದವನು ನನ್ನ ಅಜ್ಜ, ಡೆರ್ಕ್ ಲಾನ್ಸಿಂಕ್. ಅವನ ಕೋಟಿನ ಮೇಲೆ, ನಮ್ಮ ದೇಶ ಹಿಡಿದಿದ್ದ ಜರ್ಮನ್ನರ ಕಡೆಯ ಪಕ್ಷದ ಬಿಲ್ಲೆ ಇತ್ತು. ಊರಲ್ಲಿ ಎರಡು ವರ್ಷದಿಂದ ಅವನೊಡನೆ ಯಾರಿಗೂ ಮಾತಿರಲಿಲ್ಲ.

ಗೆಜೀನತ್ತೆ ಗಿಡ್ಡ ಹೆಂಗಸು. ಭುಜ ಅಗಲ, ಹೆಜ್ಜೆ ಸಣ್ಣದು, ದನಿ ಎಂದೂ ಏರದು. ಕೋಪ ಬಂದಾಗ ಇನ್ನೂ ತಗ್ಗುತ್ತಿತ್ತು. ಮರಳುನೆಲದ ಬಡ ಊರಿಂದ ಇಪ್ಪತ್ತೆರಡರ ವಯಸ್ಸಿಗೆ ಎಗ್ಬರ್ಟನ ಕೈಹಿಡಿದು ಬಂದಳು. ತಂದದ್ದು ಒಂದು ಹಸು, ಒಂದು ಬೀರು ತುಂಬ ನಾರುಬಟ್ಟೆ. ಬೀರುವಿನ ತಳದಲ್ಲಿ, ಎಲ್ಲ ವಧುಗಳೂ ತರುವ ಹಾಗೆ, ಎರಡು ಸಾವಿನ ಅಂಗಿ: ಒಂದು ತನಗೆ, ಒಂದು ಗಂಡನಿಗೆ. ಮದುವೆಗೆ ಮುಂಚೆಯೇ ತಾನೇ ಹೊಲಿದು, ಕತ್ತಿನ ಪಟ್ಟಿಯ ಮೇಲೆ ಕೆಂಪು ದಾರದಲ್ಲಿ ಹೆಸರಿನ ಅಕ್ಷರ ಹಾಕಿದ್ದಳು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಮಡಿಸಿ, ಮತ್ತೆ ಒಳಗಿಡುತ್ತಿದ್ದಳು. ಅವಳಿಗೆ ಅದು ಹಾಸಿಗೆಯ ಹೊದಿಕೆಯಷ್ಟೇ ಸಹಜ.

ಆ ದಿನ ನಡುಮಧ್ಯಾಹ್ನ ಅಮೆರಿಕದ ಬಾಂಬರ್‌ಗಳು ಜರ್ಮನಿಯಿಂದ ಹಿಂದಿರುಗುತ್ತಿದ್ದವು. ಆಕಾಶ ಗಿರಣಿಯ ಹಾಗೆ ಗುಂಯ್‌ಗುಡುತ್ತಿತ್ತು. ಒಂದು ಮಾತ್ರ ಗುಂಪಿನಿಂದ ಹಿಂದುಳಿದು, ಕೆಳಗಿಳಿದು, ಎರಡು ಎಂಜಿನ್‌ಗಳಲ್ಲಿ ಹೊಗೆ ಬಿಡುತ್ತ ಬಂತು. ಅದರಿಂದ ಹಾರಿದವರ ಆರು ಬಿಳಿ ಪ್ಯಾರಾಚೂಟ್ ಕೊಡೆಗಳು ಅರಳಿದವು. ಗಾಳಿ ಅವನ್ನು ಕಾಲುವೆಯ ಆಚೆ ಒಯ್ದಿತು. ಅಲ್ಲಿ ಜರ್ಮನ್ನರು ಕಾದಿದ್ದರು. ವಿಮಾನ ವೊಲ್ಟರಿಂಕ್‌ನವರ ರೈ ಹೊಲಕ್ಕೆ ಹೊಟ್ಟೆ ಉಜ್ಜಿಕೊಂಡು ಇಳಿದು, ಓಕ್ ಮರಗಳ ಬದುವಿಗೆ ಬಡಿದು, ಎರಡು ತುಂಡಾಯಿತು. ಬೆಂಕಿ ಹತ್ತಲಿಲ್ಲ. ಒಳಗೆ ನಾಲ್ವರಿದ್ದರು. ಯಾರಿಗೂ ಜೀವ ಇರಲಿಲ್ಲ.

ವಿಮಾನದ ಮೂತಿಯ ಮೇಲೆ ಹಾಲು ಕರೆಯುವ ಹುಡುಗಿಯ ಚಿತ್ರ ಬರೆದಿದ್ದರು. ಎರಡನೇ ನೆರೆಮನೆಯ ಮುದುಕಿ ಫೆನ್ನಾ ಸೊಂಟದ ಮೇಲೆ ಕೈಯಿಟ್ಟು ಅದನ್ನು ಬಹಳ ಹೊತ್ತು ನೋಡಿದಳಂತೆ.

"ಹಸುವಿನ ಎಡಗಡೆ ಕೂತಿದಾಳೆ ನೋಡು," ಅಂದಳು. "ಒದೆ ತಿನ್ನದೆ ಇನ್ನೇನಾಗುತ್ತೆ." ಆಮೇಲೆ ಮುಖ ತಿರುಗಿಸಿ ಮೂಗು ಒರೆಸಿಕೊಂಡಳು.

ಜರ್ಮನ್ ಸೈನಿಕರು ಬಂದರು. ಸತ್ತವರ ಕೊರಳಿನ ಗುರುತು ಬಿಲ್ಲೆ, ಕಾಗದ, ಗಡಿಯಾರ ಎಲ್ಲ ತೆಗೆದುಕೊಂಡರು. ಹಿಮ ಬೀಳುವ ಹಾಗಿತ್ತು. ಹತ್ತಿರದ ಸೂರು ವೊಲ್ಟರಿಂಕ್‌ನವರದು. ದನಕರುಗಳ ನಡುವಿನ ಒಳಾಂಗಣದಲ್ಲಿ ನಾಲ್ವರನ್ನೂ ಮಲಗಿಸಿ ಹೋದರು. ಮರುದಿನ ಬೆಳಗ್ಗೆ ಊರಿನ ಪೇದೆ ಆಜ್ಞೆಯ ಕಾಗದ ತಂದು, ಅಡುಗೆಮನೆಯಲ್ಲಿ ನಿಂತು ಓದಿದ. ನಾಳೆ ಬೆಳಗ್ಗೆ ಏಳಕ್ಕೆ ಸೇನೆಯ ಲಾರಿ ಬರುತ್ತದೆ. ಚರ್ಚಿನ ಹಿಂದೆ, ಬೇಲಿಯ ಅಂಚಿಗೆ, ಒಂದೇ ಗುಂಡಿ. ಪಾದ್ರಿ ಬರಕೂಡದು, ಜನ ಸೇರಕೂಡದು, ಹೂವು ಇಡಕೂಡದು.

ಗೆಜೀನತ್ತೆ ಕೈಯಲ್ಲಿದ್ದ ಆಲೂಗಡ್ಡೆಯ ಸಿಪ್ಪೆ ಪೂರ್ತಿ ತೆಗೆದು ಮುಗಿಸಿದಳು.

"ನಮ್ಮ ಮನೆಯಿಂದ ಹೆಣ ಲಾರೀಲಿ ಹೋಗಲ್ಲ," ಅಂದಳು.

"ಗೆಜೀನಕ್ಕ, ಅವು ನಿಮ್ಮ ಮನೆ ಹೆಣ ಅಲ್ಲ."

"ಯಾರ ಮನೇಲಿ ಮಲಗಿದಾವೆ?"

ಪೇದೆ ಎಗ್ಬರ್ಟನ ಕಡೆ ನೋಡಿದ. ಎಗ್ಬರ್ಟ್ ನೆಲ ನೋಡಿದ. "ನಾನು ಓದಿ ಹೇಳಿದೀನಿ. ಇಷ್ಟೇ ನನ್ನ ಕೆಲಸ," ಅಂತ ಪೇದೆ ಟೋಪಿ ಹಾಕಿಕೊಂಡ.

ನಮ್ಮ ಹನ್ನೆರಡು ಮನೆಗಳ ನೆರೆಯಲ್ಲಿ ಸಾವು ಹೇಗೆ ನಡೆಯಬೇಕು ಅನ್ನುವುದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮರೆತೂ ಇಲ್ಲ. ಸಾವಿನ ಮನೆಯವರು ಏನೂ ಮಾಡುವ ಹಾಗಿಲ್ಲ. ಅವರು ಮಾಡುವುದು ಒಂದೇ: ಮೊದಲ ನೆರೆಯವನ ಮುಂಬಾಗಿಲು ತಟ್ಟಿ, ಸಾವಾಗಿದೆ ಎಂದು ಹೇಳುವುದು. ಅಲ್ಲಿಂದ ಮುಂದಿನದೆಲ್ಲ ಅವನದು. ಉಳಿದ ಮನೆಗಳಿಗೆ ಸಾರುವುದು ಅವನು, ಮೀಯಿಸಲು ಹೆಂಗಸರನ್ನು ಕಳಿಸುವುದು ಅವನು, ಹೆಣದ ಪೆಟ್ಟಿಗೆ ಹೋಗುವುದು ಅವನ ಗಾಡಿಯಲ್ಲಿ, ಅವನ ಕುದುರೆಗಳ ಹಿಂದೆ. ವೊಲ್ಟರಿಂಕ್ ಮನೆಗೆ ಮೊದಲ ನೆರೆಮನೆ ನಮ್ಮದು, ಲಾನ್ಸಿಂಕ್. ಇನ್ನೂರು ವರ್ಷದಿಂದ ಹಾಗೇ.

"ಡೆರ್ಕ್ ಹತ್ರ ನಾನು ಹೋಗಲ್ಲ," ಅಂದ ಎಗ್ಬರ್ಟ್. ಸಾವಿನ ಸುದ್ದಿ ಒಯ್ಯುವುದು ಮನೆಯ ಗಂಡಸಿನ ಕೆಲಸ. "ಆ ಬಿಲ್ಲೆ ಹಾಕಿರೋನ ಮುಂದೆ ನಿಂತು ನಾನು ಟೋಪಿ ತೆಗೀಬೇಕಾ? ಅವನು ನೆಟ್ಟಗೆ ಜರ್ಮನ್ನರ ಕಿವೀಲಿ ಊದ್ತಾನೆ. ನಿನ್ನನ್ನ, ನನ್ನನ್ನ, ಇಬ್ಬರನ್ನೂ ಎಳಕೊಂಡು ಹೋಗ್ತಾರೆ."

ಹಿಂಬಾಗಿಲಲ್ಲಿ ಕೂತಿದ್ದ ಫೆನ್ನಾ ಹೇಳಿದಳು: "ಅವನನ್ನ ದಾಟಿ ಬಾರೆ ಗೆಜೀನಾ. ನಾನು ಎರಡನೇ ನೆರೆಯವಳು. ನನಗೆ ಹೇಳು. ನಾನೇ ಮನೆಮನೆಗೆ ಹೋಗಿ ಸಾರ್ತೀನಿ. ಈ ಮೊಣಕಾಲು ಇನ್ನೂ ಒಂಬತ್ತು ಮನೆ ನಡೆಯುತ್ತೆ."

"ಮೊದಲನೆಯವನು ಬದುಕಿರೋವಾಗ ಎರಡನೆಯವರಿಗೆ ಹೇಳಿದ್ರೆ ಅದು ನೆರೆಯಲ್ಲ, ಗುಟ್ಟು," ಅಂದಳು ಗೆಜೀನತ್ತೆ. "ಇವರನ್ನ ನಾನು ಕದ್ದು ಹೂಳಲ್ಲ."

"ಹುಚ್ಚು ಮಾರಾಯ್ತಿ," ಅಂದ ಎಗ್ಬರ್ಟ್.

ಅವಳು ಕಪ್ಪು ಬಟ್ಟೆ ಉಟ್ಟು, ನಮ್ಮ ಮನೆಯ ಮುಂಬಾಗಿಲು ತಟ್ಟಿದಳು.

ಆ ಬಾಗಿಲು ಚಳಿಗೆ ಬಿಗಿದುಕೊಂಡಿತ್ತು. ಅಜ್ಜ ಭುಜ ಕೊಟ್ಟು ಎಳೆದು ತೆರೆದ. ಹಿಂದೆ ನನ್ನ ಅಜ್ಜಿ ಆಲೀದಾ ನಿಂತಿದ್ದಳು. ಮುಂದಿನ ಮಾತುಗಳನ್ನು ನನಗೆ ಹೇಳಿದವಳು ಅವಳೇ.

"ನಮ್ಮ ಮನೇಲಿ ಸಾವಾಗಿದೆ, ಡೆರ್ಕ್. ನಾಲ್ಕು. ಹೇಳೋಕೆ ಬಂದೆ."

"ಅವರು ನಿಮ್ಮವರಾ?"

"ನಮ್ಮ ಹೊಲದಲ್ಲಿ ಬಿದ್ರು. ನಮ್ಮ ಸೂರಿನಡಿ ಮಲಗಿದಾರೆ. ಇಲ್ಲಿ ಅವರಿಗೆ ಬೇರೆ ಮನೆ ಎಲ್ಲಿದೆ?"

"ಹೋದ ಶರತ್ಕಾಲ ಪೇಟೆ ಮೇಲೆ ಬಾಂಬ್ ಹಾಕಿದ್ದು ಇವರ ಜನವೇ. ಆಲೀದಾಳ ತಂಗಿ ಅಲ್ಲೇ ಸತ್ಲು."

"ಗೊತ್ತು. ಆ ಪೆಟ್ಟಿಗೆ ಹೊತ್ತವರಲ್ಲಿ ಎಗ್ಬರ್ಟ್ ಇದ್ದ. ನಿನ್ನ ಜೊತೆ ಮಾತು ಬಿಟ್ಟಿದ್ರೂ ಹೊತ್ತ."

"ಒಂದು ಮಾತೂ ಆಡ್ಲಿಲ್ಲ ಅವನು."

"ಹೊರೋಕೆ ಬಾಯಿ ಯಾಕೆ ಬೇಕು?"

ಅಜ್ಜ ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟ. "ನಾನು ಈಗಲೇ ಸೈಕಲ್ ಹತ್ತಿ ಹೋಗಿ ಜರ್ಮನ್ನರಿಗೆ ಹೇಳಿದ್ರೆ ಏನ್ಮಾಡ್ತೀಯ?"

"ಹೇಳು. ಆದ್ರೆ ಮೊದಲು ಉಳಿದ ಮನೆಗಳಿಗೆ ಹೇಳು. ಅದು ನಿನ್ನ ಕೆಲಸ. ಆಮೇಲೆ ನಿನ್ನಿಷ್ಟ."

ಅಜ್ಜ ಬಾಗಿಲು ಹಾಕಿದ. ಅವಳು ಹಿಂದಿರುಗಿ ಬಂದು, ನಿಯಮದಂತೆ, ಏನೂ ಮಾಡದೆ ಕೂತಳು. ಒಳಾಂಗಣದಲ್ಲಿ ಹಸುಗಳು ಮೆಲುಕು ಹಾಕುತ್ತಿದ್ದವು. ನಾಲ್ವರ ಮೇಲೆ ಗೋಣಿಚೀಲ ಹೊದಿಸಿತ್ತು. ಎಗ್ಬರ್ಟ್ ಕಿಟಕಿಯಿಂದ ದಾರಿ ನೋಡುತ್ತಿದ್ದ. ಬರಬೇಕಾದ್ದು ಎರಡರಲ್ಲೊಂದು: ಕಪ್ಪು ಬಟ್ಟೆಯ ಹೆಂಗಸರು, ಇಲ್ಲವೇ ಹಸಿರು ಸಮವಸ್ತ್ರದ ಜರ್ಮನ್ನರು. ಹನ್ನೊಂದಾಯಿತು, ಹನ್ನೆರಡಾಯಿತು. ಆ ದಿನ ಅವಳು ಅಷ್ಟು ಹೊತ್ತು ಕೈಕಟ್ಟಿ ಕೂತದ್ದು ತನ್ನ ಬದುಕಿನಲ್ಲೇ ಕಷ್ಟದ ಕೆಲಸ ಎಂದು ಆಮೇಲೆ ಹೇಳುತ್ತಿದ್ದಳು. ಜೈಲು ಕೂಡ ಅದರ ನಂತರದ್ದಂತೆ.

ಎರಡು ಗಂಟೆಗೆ ಫೆನ್ನಾ ಬಂದಳು. ಕಪ್ಪು ಬಟ್ಟೆ ಉಟ್ಟಿದ್ದಳು.

"ಬಂದಿದ್ದ," ಅಂದಳು. "ಮುಂಬಾಗಿಲಿಗೆ. ಟೋಪಿ ಕೈಯಲ್ಲಿ ಹಿಡಿದು, ತಪ್ಪಿಲ್ಲದೆ ಹೇಳಿದ. ಬಿಲ್ಲೆ ಹಾಕ್ಕೊಂಡೇ ಬಂದಿದ್ದ, ಬಡ್ಡೀಮಗ."

"ಉಳಿದವರ ಮನೆಗೆ?"

"ಎಲ್ಲ ಮನೆಗೂ. ಒಬ್ಬರು ನಾಯಿ ಬಿಟ್ರಂತೆ. ನಾಯಿನ ದಾಟಿ ಹೋಗಿ ಹೇಳಿದಾನೆ."

ಹೆಂಗಸರು ಬಂದರು, ನೀರು ಕಾಯಿಸಿದರು. ಗಂಡಸರು ತಂತಮ್ಮ ಅಟ್ಟದಿಂದ ಓಕ್ ಹಲಗೆ ಇಳಿಸಿದರು. ತಮ್ಮ ಪೆಟ್ಟಿಗೆಗೆಂದು ಮೂವತ್ತು ವರ್ಷ ಒಣಗಿಸಿಟ್ಟ ಹಲಗೆ ಅವು. ಕೊಡುತ್ತ ಒಬ್ಬ, "ನಾನು ಅಗ್ಗದ ಮರದಲ್ಲೇ ಹೋಗ್ತೀನಿ ಬಿಡು, ಒಳಗಿಂದ ಯಾರಿಗೆ ಕಾಣುತ್ತೆ," ಅಂದನಂತೆ.

ಮೀಯಿಸಿದ ಮೇಲೆ ತಿಳಿದದ್ದು, ಹುಡುಗರು ಎಷ್ಟು ಚಿಕ್ಕವರೆಂದು. ಒಬ್ಬನ ಕೆನ್ನೆಯ ಮೇಲೆ ಇನ್ನೂ ಕ್ಷೌರದ ಕತ್ತಿ ಆಡಿರಲಿಲ್ಲ. ಗೆಜೀನತ್ತೆ ಬೀರು ತೆರೆದು ತಳದಿಂದ ತನ್ನ ಅಂಗಿ, ಎಗ್ಬರ್ಟನ ಅಂಗಿ ಎರಡನ್ನೂ ತೆಗೆದಳು. ಫೆನ್ನಾ ತನ್ನದನ್ನು ಬಗಲಲ್ಲಿ ಸುತ್ತಿಕೊಂಡೇ ಬಂದಿದ್ದಳು.

"ಎಲ್ಲ ಕೊಟ್ಬಿಟ್ರೆ ನೀನು ಸಾಯುವಾಗ ಏನು ಹಾಕ್ಕೋತೀಯ?" ಅಂತ ಫೆನ್ನಾ ಕೇಳಿದಳು.

"ಸಾಯೋದೇ ಬೇಡ ಅಂದ್ಕೊಂಡಿದೀನಿ," ಅಂದಳು ಗೆಜೀನತ್ತೆ.

ಮೂರು ಅಂಗಿ ಆದವು. ನಾಲ್ಕನೆಯವನಿಗೆ ಹಾಸಿಗೆಯ ಬಟ್ಟೆ ಕತ್ತರಿಸಲು ಹೊರಟಾಗ ಅಜ್ಜಿ ಒಳಗೆ ಬಂದಳು. ಅಜ್ಜಿ ತನ್ನ ಅಂಗಿಯನ್ನು ಮೇಜಿನ ಮೇಲಿಟ್ಟಳು.

"ಹಾಕಿ. ನಾನು ಮುಟ್ಟಲ್ಲ ಅವನನ್ನ," ಅಂದಳು.

"ಮುಟ್ಟು ಅಂತ ಯಾರು ಹೇಳಿದ್ರು? ಕೂತ್ಕೋ ಆಲೀದಾ," ಅಂದಳು ಗೆಜೀನತ್ತೆ. ಅಜ್ಜಿ ಕೂರಲಿಲ್ಲ, ಆದರೆ ಹೋಗಲೂ ಇಲ್ಲ.

ಬೆಳಗ್ಗೆ ಆರೂವರೆಗೆ, ಲಾರಿ ಬರುವ ಮುಂಚೆ, ಅಜ್ಜನ ಗಾಡಿ ಅಂಗಳಕ್ಕೆ ಬಂತು. ಎರಡು ಕುದುರೆ, ನಾಲ್ಕು ಪೆಟ್ಟಿಗೆ. ಪೆಟ್ಟಿಗೆಗಳ ಮೇಲೆ, ಸಾವಿನ ಮನೆಯ ಹೆಂಗಸು ಕೂರುವ ಜಾಗದಲ್ಲಿ, ಗೆಜೀನತ್ತೆ ಕೂತಳು. ಎಗ್ಬರ್ಟ್ ಟೋಪಿ ಕಳಚಿ ಗಾಡಿಯ ಹಿಂದೆ ನಡೆದ. ಅವನ ಹಿಂದೆ ಹನ್ನೊಂದು ಮನೆಯವರು, ಇಬ್ಬಿಬ್ಬರಾಗಿ.

ಚರ್ಚಿನ ತಿರುವಿನಲ್ಲಿ ಲಾರಿ ಎದುರಾಯಿತು. ಸಾರ್ಜೆಂಟ್ ಇಳಿದು ದಾರಿಗೆ ಅಡ್ಡ ನಿಂತ. ಅವನ ಮಾತು ನಮ್ಮ ಮಾತಿಗೆ ತೀರ ಹತ್ತಿರ. ಗಡಿಯಾಚೆಯ ರೈತರು ಆಡುವಂಥದು.

"ಇಳಿ ಕೆಳಗೆ."

"ಸಾವಿನ ಮನೆಯವಳು ಗುಂಡಿ ಹತ್ರ ಇಳೀತಾಳೆ. ದಾರೀಲಲ್ಲ."

ಅವನು ಅಜ್ಜನ ಕಡೆ ತಿರುಗಿದ. ಬಿಲ್ಲೆ ಕಂಡಿತು. "ನೀನು ನಮ್ಮ ಕಡೆಯವನಲ್ವಾ? ಗಾಡಿ ತಿರುಗಿಸು."

"ನಿಮ್ಮ ಕಡೆಯವನೇ," ಅಂದ ಅಜ್ಜ. "ಇವಳ ಮೊದಲ ನೆರೆಯವನೂ ಹೌದು."

"ಎಷ್ಟು ದೂರ ನಿನ್ನೂರು?" ಗೆಜೀನತ್ತೆ ಮೇಲಿಂದಲೇ ಸಾರ್ಜೆಂಟನನ್ನು ಕೇಳಿದಳು.

ಅವನು ಯಾಕೆ ಉತ್ತರ ಕೊಟ್ಟನೋ. "ಗಡಿ ದಾಟಿ ಎರಡು ಗಂಟೆ ದಾರಿ."

"ಹಾಗಾದ್ರೆ ನಿನಗೂ ಗೊತ್ತು. ಹೆಣದ ಗಾಡಿ ಹಿಂದಕ್ಕೆ ತಿರುಗಿದ್ರೆ ಇನ್ನೊಂದು ಹೆಣ ಕರಕೊಂಡೇ ಬರೋದು. ತಿರುಗಿಸ್ಬೇಕು ಅಂದ್ರೆ ಲಗಾಮು ನೀನೇ ಹಿಡಿ. ಡೆರ್ಕ್, ಕೊಡು ಅವನ ಕೈಗೆ."

ಅಜ್ಜ ಲಗಾಮು ಚಾಚಿದ. ಕುದುರೆಗಳ ಬಾಯಿಂದ ಉಗಿ ಏಳುತ್ತಿತ್ತು. ಸಾರ್ಜೆಂಟ್ ಆ ತೊಗಲಿನ ಪಟ್ಟಿಯನ್ನು ನೋಡುತ್ತ ನಿಂತ. ಮುಟ್ಟಲಿಲ್ಲ. ಜೇಬಿನಿಂದ ಪುಸ್ತಕ ತೆಗೆದು ಅಜ್ಜನ ಹೆಸರು, ಅವಳ ಹೆಸರು ಬರೆದುಕೊಂಡು, ಪಕ್ಕಕ್ಕೆ ಸರಿದ.

ಒಂದೇ ಗುಂಡಿಯ ಜಾಗದಲ್ಲಿ ನಾಲ್ಕು ಗುಂಡಿ ತೋಡಿದರು. ಹೂವು ಆ ತಿಂಗಳಲ್ಲಿ ಎಲ್ಲೂ ಇರಲಿಲ್ಲ.

ಅದೇ ದಿನ ಮೂರು ಗಂಟೆಗೆ ಜರ್ಮನ್ನರು ಬಂದು ಗೆಜೀನತ್ತೆ, ಅಜ್ಜ ಇಬ್ಬರನ್ನೂ ಎಳೆದುಕೊಂಡು ಹೋದರು. ಪೇಟೆಯ ಜೈಲಿನಲ್ಲಿ ಅಧಿಕಾರಿಯೊಬ್ಬ, ಹೀಗೆ ಮಾಡಲು ಹೇಳಿಕೊಟ್ಟವರು ಯಾರು ಎಂದು ಗೆಜೀನತ್ತೆಯನ್ನು ದಿನಾ ಕೇಳಿದನಂತೆ. ನನ್ನ ಅತ್ತೆ, ಅಂದಳು ಇವಳು. ಎಲ್ಲಿದಾಳೆ ಅವಳು? "ಚರ್ಚಿನ ಹಿಂದೆ, ಹದಿನೈದು ವರ್ಷದಿಂದ. ಹೋಗಿ ಕೇಳಿ." ಏಳು ವಾರ ಇಟ್ಟುಕೊಂಡು ಬಿಟ್ಟರು. ಬಂದವಳೇ ಹಸುಗಳ ಕೆಚ್ಚಲು ಮುಟ್ಟಿ ನೋಡಿ, ಎಗ್ಬರ್ಟನಿಗೆ ಹಾಲು ಪೂರ್ತಿ ಹಿಂಡಲು ಬರುವುದಿಲ್ಲ ಎಂದು ಬೈದಳು. ಅಜ್ಜನನ್ನು ಪಕ್ಷದಿಂದ ಹೊರಗೆ ಹಾಕಿದರು. ಹೊಡೆದೂ ಇದ್ದರು, ಅವನ ಒಂದು ಕಿವಿ ಆಮೇಲೆ ಕೇಳಿಸಲಿಲ್ಲ. ಆದರೂ ಮರುವರ್ಷ ಊರು ಬಿಡುಗಡೆಯಾದಾಗ ನಮ್ಮವರೇ ಬಂದು ಅವನನ್ನು ಹಿಡಿದು, ಪಕ್ಷದವರನ್ನೆಲ್ಲ ಕೂಡಿಹಾಕುವ ಶಿಬಿರಕ್ಕೆ ಕಳಿಸಿದರು. ಬಿಲ್ಲೆ ಹಾಕಿದ್ದು ಸುಳ್ಳಲ್ಲ. ಅಜ್ಜ ಸುಳ್ಳು ಹೇಳಲೂ ಇಲ್ಲ.

ನಲವತ್ತಾರರ ಶರತ್ಕಾಲದಲ್ಲಿ ಅಮೆರಿಕದ ಕ್ಯಾಪ್ಟನ್ ಒಬ್ಬ ಬಂದ, ಜೊತೆಗೆ ಅಗೆಯುವವರು, ಒಂದು ಟ್ರಕ್. ತಮ್ಮವರನ್ನೆಲ್ಲ ದಕ್ಷಿಣದ ದೊಡ್ಡ ಸೈನಿಕ ಸ್ಮಶಾನಕ್ಕೆ ಸೇರಿಸುತ್ತಿದ್ದರು. ಕೊಡೆ ಹಿಡಿದು ಹಾರಿದ ಆರು ಜನ ಸೆರೆಯಿಂದ ಬದುಕಿ ಮನೆ ಸೇರಿ, ಉಳಿದ ನಾಲ್ವರ ಹೆಸರು ಹೇಳಿದ್ದರು. ಕ್ಯಾಪ್ಟನ್ನನ ಕೈಯಲ್ಲಿ ನಾಲ್ಕು ಹೆಸರು, ನೆಲದಲ್ಲಿ ನಾಲ್ಕು ಪೆಟ್ಟಿಗೆ. ಯಾವುದರಲ್ಲಿ ಯಾರು ಎಂದು ತಿಳಿಯದು. ಗುರುತು ಬಿಲ್ಲೆಗಳನ್ನು ಜರ್ಮನ್ನರು ಎಲ್ಲಿ ಕಳೆದರೋ. ಮೀಯಿಸಿದವಳನ್ನು ಕೇಳಿ ಎಂದು ಪಾದ್ರಿ ಹೇಳಿದರು. ಶಾಲೆಯ ಮೇಷ್ಟ್ರು ಮಾತು ತಿಳಿಸಲು ಜೊತೆಗೆ ಬಂದರು.

"ನಾಲ್ವರೂ ಗೊತ್ತು ನನಗೆ," ಅಂದಳು ಗೆಜೀನತ್ತೆ. "ಯಾವ ಅಂಗಿ ಯಾರ ಮೈ ಮೇಲಿದೆ, ಆ ಮೈ ಹೇಗಿತ್ತು, ಎಲ್ಲ ಹೇಳ್ತೀನಿ. ಆದ್ರೆ ಡೆರ್ಕ್ ಲಾನ್ಸಿಂಕ್ ಬರದೆ ಗುಂಡಿ ಮುಟ್ಟಬೇಡಿ."

ಕ್ಯಾಪ್ಟನ್ ವಿಚಾರಿಸಿದ. ಡೆರ್ಕ್ ಎಲ್ಲಿದ್ದಾನೆ, ಯಾಕಿದ್ದಾನೆ ಎಂದು ತಿಳಿದು ಮುಖ ಕೆಂಪು ಮಾಡಿಕೊಂಡ. ಮೇಷ್ಟ್ರು ಮೆಲ್ಲಗೆ ತಿಳಿಸಿದರು: "ನಮ್ಮ ಹುಡುಗರನ್ನ ಅಂಥವನ ಕೈಲಿ ಹೊರಿಸಬೇಕಾ ಅಂತ ಕೇಳ್ತಿದಾರೆ."

"ಒಂದು ಸಲ ಹೊತ್ತಿದಾನೆ ಅನ್ನಿ. ತಂದು ಬಿಟ್ಟವನೇ ಎತ್ತಿ ಕೊಡಬೇಕು ಅನ್ನಿ."

"ಬೇರೆಯವರು ಆಗಲ್ವಾ ಅಂತಾರೆ. ನೂರು ಒಳ್ಳೆ ಜನ ಇದಾರೆ ಊರಲ್ಲಿ ಅಂತಾರೆ."

"ಸಾವಿನ ಮನೆಯವರು ಮೊದಲ ನೆರೆಯವನನ್ನ ಕರೀತಾರೆ. ಒಳ್ಳೆಯವನನ್ನ ಹುಡುಕ್ಕೊಂಡು ಹೋಗಲ್ಲ."

ಕ್ಯಾಪ್ಟನ್ ಹೊರಗೆ ಹೋಗಿ ಸಿಗರೇಟು ಹಚ್ಚಿದ. ಎಗ್ಬರ್ಟ್ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿದ. "ಆ ಹುಡುಗರ ತಾಯಂದಿರು ಕಾಯ್ತಿದಾರೆ ಕಣೇ. ಹೆಸರು ಹಿಡಿದಿಟ್ಟುಕೊಂಡು ಚೌಕಾಸಿ ಮಾಡ್ತೀಯಾ?"

ಅವಳಿಗೆ ಈ ಮಾತು ತಾಕಿತ್ತು. "ಎರಡೂವರೆ ವರ್ಷ ಆ ತಾಯಂದಿರ ಬದಲು ನಾನು ನೋಡ್ಕೊಂಡೆ," ಅಂದಳು. "ಇನ್ನೊಂದು ದಿನ ನೋಡ್ಕೋತೀನಿ. ಮೂಟೆ ಎತ್ತಿ ಹಾಕಿದ ಹಾಗೆ ಟ್ರಕ್ಕಿಗೆ ಹಾಕೋಕೆ ಬಿಡಲ್ಲ. ಆವತ್ತು ಜರ್ಮನ್ ಲಾರಿಗೆ ಬಿಡ್ಲಿಲ್ಲ, ಈಗ ಯಾಕೆ ಬಿಡಲಿ?"

ಮರುದಿನ ಹತ್ತಕ್ಕೆ ಜೀಪು ಬಂತು. ಇಬ್ಬರು ಕಾವಲುಗಾರರ ನಡುವೆ ಅಜ್ಜ ಕೂತಿದ್ದ. ಕೋಟು ದೊಡ್ಡದಾಗಿತ್ತು, ಕುತ್ತಿಗೆ ಸಣ್ಣದಾಗಿತ್ತು. ಊರಿನ ಕೆಲವರು ಬೇಲಿಯ ಆಚೆ ನಿಂತು ಉಗಿದರು. ಫೆನ್ನಾ ಕೋಲೂರಿ ಹತ್ತಿರ ಬಂದು, ಅವನ ಎದೆಯ ಕಡೆ ಕಣ್ಣು ಹಾಯಿಸಿ, "ಬಿಲ್ಲೆ ಎಲ್ಲೋ ಡೆರ್ಕ್, ಮರೆತು ಬಂದ್ಯಾ?" ಅಂದಳು. ಅವನ ಕಿವುಡು ಕಿವಿಯ ಕಡೆ ಅಂದಳೋ, ಅವನೇ ಕೇಳಿಸಿಕೊಳ್ಳಲಿಲ್ಲವೋ. ಅಜ್ಜಿ ತಂದು ನಿಲ್ಲಿಸಿದ್ದ ಕುದುರೆಗಳ ಮೂಗನ್ನು ಅಜ್ಜ ಸವರಿದ. ಅವು ಅವನನ್ನು ಗುರುತು ಹಿಡಿದವು.

ಪೆಟ್ಟಿಗೆಗಳ ಮುಚ್ಚಳ ತಲೆಯ ಕಡೆ ಅಂಗೈಯಗಲ ಸರಿಸಿದರು. ಓಕ್ ಹಲಗೆ ಒಳಗಿನದನ್ನು ಕಾಪಾಡಿತ್ತು. ಕತ್ತಿನ ಪಟ್ಟಿಯ ಕೆಂಪು ಅಕ್ಷರ ಕಂದಿದ್ದರೂ ಓದಲು ಬರುತ್ತಿತ್ತು. ಗೆಜೀನತ್ತೆ ಒಂದೊಂದಾಗಿ ನೋಡಿದಳು. ಎಗ್ಬರ್ಟನ ಅಂಗಿಯವನು ಎಲ್ಲರಿಗಿಂತ ಎತ್ತರ, ಕೂದಲು ಕೆಂಪು, ಮುಂದಿನ ಹಲ್ಲು ಒಂದು ಮುರಿದಿತ್ತು. ತನ್ನ ಅಂಗಿಯವನ ಎಡಗೈಯ ಕಿರುಬೆರಳಿಗೆ ಉಗುರೇ ಇರಲಿಲ್ಲ, ಹಳೆಯ ಗಾಯ. ಫೆನ್ನಾಳ ಅಂಗಿಯವನ ಗುರುತೂ ಹೇಳಿದಳು. ಕ್ಯಾಪ್ಟನ್ ಕಾಗದ ತಿರುವಿ ತಿರುವಿ ಗುರುತು ಹಾಕಿದ. ಆಲೀದಾಳ ಅಂಗಿಯವನು ಗಡ್ಡ ಮೂಡದವನು. ಮುಂಗೈ ಮೇಲೆ ಸುಟ್ಟ ಕಲೆ ಇತ್ತು.

"ವೆಂಡೆಲ್ ಪ್ರೂಯಿಟ್," ಅಂದ ಕ್ಯಾಪ್ಟನ್. "ಹತ್ತೊಂಬತ್ತು ವರ್ಷ."

ಅಜ್ಜಿ ಆ ಹೆಸರನ್ನು ಬಾಯೊಳಗೇ ಒಂದು ಸಲ ಹೇಳಿಕೊಂಡಳು.

ಟ್ರಕ್ ಚರ್ಚಿನ ಬಾಗಿಲಲ್ಲಿ ಕಾದಿತ್ತು. ಅದನ್ನು ಊರಿನ ಎಲ್ಲೆಗೆ ಒಯ್ದು ನಿಲ್ಲಿಸಬೇಕೆಂದಳು ಗೆಜೀನತ್ತೆ. ನಮ್ಮ ನೆಲ ಮುಗಿಯುವವರೆಗೂ ಗಾಡಿಯಲ್ಲೇ. ಕ್ಯಾಪ್ಟನ್ ಈ ಸಲ ವಾದ ಮಾಡಲಿಲ್ಲ. ಅಜ್ಜ ಲಗಾಮು ಹಿಡಿದ, ಅವಳು ಮೇಲೆ ಕೂತಳು, ಮನೆಗಳವರು ಹಿಂದೆ ನಡೆದರು. ಬೇಲಿಯಾಚೆ ಉಗಿದವರಲ್ಲೂ ಇಬ್ಬರು ಬಂದರು. ಗಾಡಿಗಾಗಿ, ಅವನಿಗಾಗಿ ಅಲ್ಲ ಎಂದು ಜೋರಾಗಿ ಹೇಳಿಕೊಂಡೇ ಬಂದರು. ಕಾಲುವೆಯ ಸೇತುವೆ ದಾಟಿ, ಎಲ್ಲೆಯ ಕಲ್ಲಿನ ಹತ್ತಿರ ಆರಾರು ಜನ ಸೇರಿ ಒಂದೊಂದು ಪೆಟ್ಟಿಗೆಯನ್ನು ಹೆಗಲಿನಿಂದ ಟ್ರಕ್ಕಿಗೆ ಇಳಿಸಿದರು. ಟ್ರಕ್ ಹೊರಟುಹೋಯಿತು. ಕ್ಯಾಪ್ಟನ್ ಜೀಪಿನ ಹತ್ತಿರ ಉಳಿದ.

ಕಾವಲುಗಾರನೊಬ್ಬ ಅಜ್ಜನ ತೋಳು ಹಿಡಿದ. "ನಡಿ. ಹೊತ್ತಾಯ್ತು."

"ಆಗಿಲ್ಲ," ಅಂದಳು ಗೆಜೀನತ್ತೆ. ಪೆಟ್ಟಿಗೆಗಳು ಇಳಿದ ಮೇಲೆ ಅವಳು ಮತ್ತೆ ಗಾಡಿ ಹತ್ತಿ ಕೂತಿದ್ದಳು. "ಹೊತ್ತವನು ಸಾವಿನ ಮನೇಲಿ ಉಣ್ಣದೆ ಹೋಗೋ ಹಾಗಿಲ್ಲ. ರೊಟ್ಟಿ ಕೊಯ್ದಿಟ್ಟು ಬಂದಿದೀನಿ. ನೀವಿಬ್ರೂ ಬನ್ನಿ. ಹೊರಲಿಲ್ಲ, ಆದ್ರೂ ಬನ್ನಿ."

ಕಾವಲುಗಾರರು ಕ್ಯಾಪ್ಟನ್ನನ ಕಡೆ ನೋಡಿದರು. ಮೇಷ್ಟ್ರು ತಿಳಿಸಿದರು. ಕ್ಯಾಪ್ಟನ್ ಕೈಗಡಿಯಾರ ನೋಡಿಕೊಂಡ, ದಾರಿ ನೋಡಿದ, ಕೊನೆಗೆ ಆ ಗಿಡ್ಡ ಹೆಂಗಸನ್ನು ನೋಡಿದ.

"ಡೆರ್ಕ್," ಅಂದಳು ಅವಳು, "ಈಗ ಖಾಲಿ ಗಾಡಿ. ಈಗ ತಿರುಗಿಸು."

ಅಜ್ಜ ತೋಳು ಬಿಡಿಸಿಕೊಂಡು ಮೇಲೆ ಹತ್ತಿ ಕುದುರೆಗಳನ್ನು ತಿರುಗಿಸಿದ. ಅವು ದಣಿದಿದ್ದವು, ಅವನು ಅವಸರಪಡಿಸಲಿಲ್ಲ. ವೊಲ್ಟರಿಂಕ್ ಮನೆಯವರೆಗೂ, ಮುಕ್ಕಾಲು ಗಂಟೆಯ ದಾರಿ, ಅಮೆರಿಕನ್ನರ ಜೀಪು ಗಾಡಿಯ ಹಿಂದೆ ಕುದುರೆಯ ನಡಿಗೆಯಲ್ಲೇ ಬಂತು.